ಮುದುಕಿ ಎದ್ದ ದಿನ

"ಬಿಡು, ಅದು ನನ್ನ ಅಲೆ!"

ತಿತಾಯ್ನಾ ಗಂಟಲು ಹರಿಯುವಂತೆ ಕೂಗಿದಳು. ಮುಂದಿದ್ದವನು ತಿರುಗಿಯೂ ನೋಡಲಿಲ್ಲ.

ಅವಳು ಆಗಲೇ ಅಲೆಯೇರುವ ಹಲಗೆಯ ಮೇಲೆ ಎದ್ದು ನಿಂತಾಗಿತ್ತು. ಕಾಲ ಕೆಳಗೆ ನೀರು ಸರ್ರನೆ ಹಿಂದೆ ಸರಿಯುತ್ತಿತ್ತು. ಹವಳದ ಬಂಡೆ ಹಳದಿಯಾಗಿ, ನೇರಳೆಯಾಗಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹೊಳೆಯುತ್ತಿತ್ತು. ಬೆನ್ನ ಹಿಂದೆ ಅಲೆ ಮನೆಯ ಮಾಡಿನಂತೆ ಬಾಗಿ ಬರುತ್ತಿತ್ತು. ಒಂದೇ ಒಂದು ಗಳಿಗೆ ಹೀಗೆಯೇ ನಿಂತಿದ್ದರೆ ಆ ಮಾಡಿನ ಕೆಳಗಿನಿಂದ ಆಚೆಯ ಬೆಳಕಿಗೆ ಹಾರಿಬಿಡಬಹುದಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಈ ಅಪರಿಚಿತ ಸರಿಯಾಗಿ ಅವಳ ದಾರಿಗೇ ತನ್ನ ಹಲಗೆ ಇಳಿಸಿದ್ದ.

ಅವನಿಗೆ ಹೋಗಿ ಗುದ್ದಬೇಕು, ಇಲ್ಲವೇ ತಾನು ಬೀಳಬೇಕು. ಅವಳು ಬಿದ್ದಳು.

ನೀರು ಅವಳನ್ನು ಮುದ್ದೆ ಮಾಡಿ ಬಂಡೆಯ ಮೇಲೆ ಎಳೆದಾಡಿತು. ಬೆನ್ನು ತರಚಿತು. ಕಾಲಿಗೆ ಕಟ್ಟಿದ್ದ ಹಗ್ಗ ಪಟ್ಟನೆ ಕಡಿದು ಹಲಗೆ ಎತ್ತಲೋ ಹೋಯಿತು. ಮೇಲೆ ಬಂದು ಉಸಿರೆಳೆದುಕೊಂಡಾಗ ಕೋಪ ನೆತ್ತಿಗೇರಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಅವನ ಹೆತ್ತವರನ್ನೂ ಬಿಡಲಿಲ್ಲ.

ಅವಳು ಬೈದು ಮುಗಿಸಿದ ಮೇಲೆ ಅವನು ನಿಧಾನವಾಗಿ ತಿರುಗಿದ. ಅವಳನ್ನು ಕಂಡ. ಕೈ ಎತ್ತಿ... ನಕ್ಕ.

ಇಷ್ಟು ಬೈಸಿಕೊಂಡೂ ನಗುತ್ತಾನಲ್ಲ, ಇವನೆಂಥ ಮನುಷ್ಯ ಎಂದುಕೊಂಡಳು ತಿತಾಯ್ನಾ. ಹಾಗಂದುಕೊಳ್ಳುತ್ತಲೇ ಆ ನಗು ಅವಳ ಎದೆಯೊಳಗೆ ಎಲ್ಲೋ ಹೋಗಿ ಕೂತಿತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ತಾಕುರೇವಾ ದ್ವೀಪದಲ್ಲಿ ಆ ಅಲೆಗೆ ಮುದುಕಿ ಎಂದೇ ಹೆಸರು. ವರ್ಷದ ಬಹುಪಾಲು ಅವಳಿಗೆ ನಿದ್ದೆ. ದೂರದ ದಕ್ಷಿಣದಲ್ಲಿ ಚಳಿಗಾಲದ ಬಿರುಗಾಳಿ ಬೀಸಿದಾಗ ಎಚ್ಚರವಾಗಿ, ಹವಳದ ಬಂಡೆಯೊಳಗಿನ ಶಾಂತ ಒಳಗಡಲಿನಿಂದ ಹೊರಗಡಲಿಗೆ ಹೋಗುವ ಹವಳದ ಕಂಡಿಯ ಬಳಿ ಬಂದು ಎದ್ದು ನಿಲ್ಲುತ್ತಾಳೆ. ಎದ್ದಳೆಂದರೆ ಯಾರ ಮಾತನ್ನೂ ಕೇಳುವವಳಲ್ಲ. ಮೀನಿಗೆ ಹೋಗುವ ಗಂಡಸರು ಕೂಡ ಅವಳ ಪಕ್ಕ ಹಾಯುವಾಗ ಹರಟೆ ನಿಲ್ಲಿಸಿ, ತಲೆಯ ಮೇಲಿನ ಟೋಪಿ ತೆಗೆಯುತ್ತಿದ್ದರು.

ತಿತಾಯ್ನಾಳಿಗೆ ಅಕ್ಷರ ಬರುವ ಮೊದಲೇ ಅವಳ ಅಪ್ಪ ಪುನುವಾ ಅವಳನ್ನು ಹಲಗೆಯ ಮೇಲೆ ಮಲಗಿಸಿ ಆ ನೀರಿಗೆ ತಳ್ಳಿದ್ದ. ಈಗ ಊರಿನಲ್ಲಿ ಮುದುಕಿಯ ಮೈಮೇಲೆ ನಿಲ್ಲುವ ಧೈರ್ಯ ಅವಳೊಬ್ಬಳಿಗೇ ಇತ್ತು. ಒಬ್ಬಳೇ ಆಗಿ ಆಗಿ, ಮುದುಕಿ ತನ್ನವಳೇ ಎಂದು ಅವಳು ನಂಬಿಬಿಟ್ಟಿದ್ದಳು.

ಮನೆಯಲ್ಲಿ ಅಪ್ಪನ ತಂಗಿ, ಊರಿಗೆಲ್ಲ ತಾತಿ ಎಂದರೆ ಅತ್ತೆಯಾದ ರೋತಿ, ಅವಳನ್ನು ಬೋರಲು ಮಲಗಿಸಿ, ಬೆನ್ನ ಮೇಲಿನ ಗಾಯಕ್ಕೆ ನಿಂಬೆಹಣ್ಣು ಹಿಂಡಿದಳು.

"ಮೆಲ್ಲಗೆ ತಾತಿ, ಉರೀತದೆ."

"ಉರೀಲಿ. ಹವಳ ಒಳಗೇ ಉಳ್ಕೊಂಡ್ರೆ ಬೆನ್ನಲ್ಲೇ ತೋಟ ಬೆಳೆಯುತ್ತೆ, ಆಗ ನಿನ್ನ ಯಾವನು ಮದುವೆ ಆಗ್ತಾನೆ?"

ಊರಿನ ಸುದ್ದಿಯೆಲ್ಲ ತಾತಿಯ ಸೆರಗಿನಲ್ಲೇ ಇರುತ್ತಿತ್ತು. ಹಿಂಡುತ್ತ ಹಿಂಡುತ್ತ ಎಲ್ಲವನ್ನೂ ಹೇಳಿದಳು. ಅಲೆ ಕಸಿದವನ ಹೆಸರು ಮತಾಹಿ. ಊರಿನ ಕೊನೆಯ ಮನೆಯ ತೆಉರಾ, ಮದುವೆಯಾಗಿ ಬೇರೆ ದ್ವೀಪಕ್ಕೆ ಹೋಗಿ ಅಲ್ಲೇ ತೀರಿಕೊಂಡವಳು, ಅವಳ ಮಗ. ಅಲ್ಲಿ ಮುತ್ತು ಬೆಳೆಯುವವರ ಹತ್ತಿರ ಮುಳುಗುವ ಕೆಲಸ ಮಾಡುತ್ತಿದ್ದನಂತೆ. ಯಾಕೆ ಬಿಟ್ಟ ಎಂದು ಯಾರಿಗೂ ಗೊತ್ತಿಲ್ಲ. ಹೋದ ಸಲದ ಹಡಗಿನಲ್ಲಿ ಬಂದು ತಾಯಿಯ ಮನೆಯ ಬೀಗ ತೆಗೆದಿದ್ದಾನೆ, ಕೊಬ್ಬರಿ ಮಾಡುತ್ತಿದ್ದಾನೆ. ಎದುರಿಗೆ ಸಿಕ್ಕರೆ ತಲೆ ಬಾಗಿಸುತ್ತಾನೆ. ಹಿಂದಿನಿಂದ ಎಷ್ಟು ಕರೆದರೂ ತಿರುಗುವುದಿಲ್ಲ.

"ಬಿಂಕ ಕಣೆ," ಎಂದಳು ತಾತಿ. "ಮುತ್ತಿನ ಜೊತೆ ಇದ್ದೂ ಇದ್ದೂ ತಾನೇ ಮುತ್ತು ಅಂದ್ಕೊಂಡಿದಾನೆ."

ಮರುದಿನ ಸಂಜೆ ಆ ಮುತ್ತು ಮನೆಯ ಬಾಗಿಲಿಗೇ ಬಂತು. ಕಂಕುಳಲ್ಲಿ ಅವಳ ಹಲಗೆ. ನೀರು ಇಳಿದಾಗ ಬಂಡೆಯುದ್ದಕ್ಕೂ ನಡೆದು ಹುಡುಕಿ ತಂದಿದ್ದ. ಮೂತಿ ಮುರಿದ ಕಡೆ ಅಂಟು ಹಾಕಿ, ಉಜ್ಜಿ, ಮುರಿದದ್ದೇ ಗೊತ್ತಾಗದಷ್ಟು ನಯ ಮಾಡಿದ್ದ.

"ತಪ್ಪು ನಂದು. ನೀವು ಹಿಂದೆ ಇರೋದು ನೋಡ್ಲಿಲ್ಲ," ಎಂದ. ಅವನ ದನಿ ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿತ್ತು.

"ನೋಡೋದೇನು ಬಂತು? ಅಷ್ಟು ಕೂಗಿದ್ನಲ್ಲ."

ಅವನು ಕಡಲಿನ ಕಡೆ ಕೈ ತೋರಿಸಿದ. "ಮುದುಕಿ ನಿಮಗಿಂತ ಜೋರಾಗಿ ಕೂಗ್ತಿದ್ಲು."

ತಿತಾಯ್ನಾ ಏನೋ ಹೇಳಹೋದವಳು ನಿಂತಳು. ಅವನ ಕಣ್ಣು ಅವಳ ತುಟಿಗಳ ಮೇಲಿತ್ತು. ಅವಳು ಮಾತಾಡಿದಷ್ಟು ಹೊತ್ತೂ ಅಲ್ಲಿಂದ ಕದಲಲಿಲ್ಲ. ಯಾವ ಗಂಡಸೂ ಅವಳನ್ನು ಹಾಗೆ, ಅಷ್ಟು ಹತ್ತಿರದಿಂದ, ಒಂದು ಮಾತನ್ನೂ ಬಿಡದೆ ನೋಡಿರಲಿಲ್ಲ. ಕಿವಿಯ ತುದಿ ಬಿಸಿಯಾಯಿತು. 'ನಾಚಿಕೆ ಇಲ್ಲದವನು,' ಎಂದುಕೊಂಡು ಹಲಗೆ ಕಿತ್ತುಕೊಂಡಳು.

ಅವನು ಹೊರಟ ಮೇಲೆ ತಾತಿ ಅಡುಗೆಮನೆಯಿಂದ ಕೂಗಿದಳು, ಸುಟ್ಟ ಮೀನಿದೆ, ತಿಂದು ಹೋಗು ಎಂದು. ಅವನು ಹೋಗುತ್ತಲೇ ಇದ್ದ.

"ನೋಡಿದ್ಯಾ? ಉಣ್ಣೋಕೆ ಕರೆದ್ರೂ ಬಿಂಕ," ಎಂದಳು ತಾತಿ.

ಆದರೆ ನೀರಿನಲ್ಲಿ ಅವನು ಬೇರೆಯೇ ಮನುಷ್ಯನಾಗಿದ್ದ.

ಮೊದಮೊದಲು ಅವಳು ದೂರವೇ ಕೂತಳು. ಅವನು ಯಾವ ಅಲೆಯನ್ನೂ ಕಸಿಯಲಿಲ್ಲ. ಪ್ರತಿ ಸಲವೂ ಮೊದಲು ಅವಳ ಕಡೆ ನೋಡುತ್ತಿದ್ದ, ಅವಳು ಹೋದ ಮೇಲೆಯೇ ತಾನು ಹೋಗುತ್ತಿದ್ದ. ದಿನ ಕಳೆದಂತೆ ಇಬ್ಬರ ಹಲಗೆಗಳ ನಡುವಿನ ನೀರು ಕಡಿಮೆಯಾಯಿತು.

ಅವಳಿಗೆ ಬೆರಗೆನಿಸಿದ್ದು ಒಂದೇ ಸಂಗತಿ. ಮುದುಕಿ ಏಳುವುದು ಅವನಿಗೆ ಅವಳಿಗಿಂತ ಮೊದಲೇ ತಿಳಿಯುತ್ತಿತ್ತು. ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿ, ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕಡಲು ಹಾಲಿನಂತೆ ಸುಮ್ಮನಿರುತ್ತಿತ್ತು. ದಿಗಂತದಲ್ಲಿ ಒಂದು ಗೆರೆಯೂ ಇಲ್ಲ. ಇದ್ದಕ್ಕಿದ್ದಂತೆ ಕಣ್ಣು ತೆರೆದು ಹಲಗೆ ತಿರುಗಿಸುತ್ತಿದ್ದ. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ದೂರದಲ್ಲಿ ನೀಲಿ ಬೆಟ್ಟಗಳ ಸಾಲಿನಂತೆ ಅಲೆಗಳು ಏಳುತ್ತಿದ್ದವು.

ಹೇಗೆ ಗೊತ್ತಾಯಿತು ಎಂದು ಒಂದು ದಿನ ಅವಳು ಕೇಳಿಯೇಬಿಟ್ಟಳು. ಅವನು ಅವಳ ಕೈ ಹಿಡಿದು ತನ್ನ ಹಲಗೆಯ ಮೇಲೆ ಒತ್ತಿದ. ತನ್ನ ಅಂಗೈಯನ್ನು ಅದರ ಮೇಲಿಟ್ಟ.

"ಸುಮ್ನಿರು. ಬರ್ತಾಳೆ."

ಮೊದಲು ಅವಳಿಗೆ ತನ್ನ ಎದೆಬಡಿತವೇ ಕೇಳಿಸಿತು. ಆಮೇಲೆ, ಎಲ್ಲೋ ತಳದಲ್ಲಿ, ಹವಳದ ಬುಡದಲ್ಲಿ, ದೊಡ್ಡ ಜೀವವೊಂದು ಮಗ್ಗುಲು ಬದಲಿಸಿದ ಹಾಗೆ ಒಂದು ನಡುಕ. ನೀರನ್ನು ಹಾದು, ಹಲಗೆಯನ್ನು ಹಾದು ಅವಳ ಬೆರಳ ತುದಿಗೆ ಬಂತು. ಮೈ ಜುಮ್ಮೆಂದಿತು. ಇಷ್ಟು ವರ್ಷ ಮುದುಕಿಯ ಹೆಗಲೇರಿ ಆಡಿದ್ದೆ, ಅವಳ ಉಸಿರನ್ನು ಇವತ್ತು ಮುಟ್ಟಿದೆ ಎಂದು ಅವಳಿಗೆ ಅನಿಸಿತು. ಕಣ್ಣು ತುಂಬಿ ಬಂತು. ಅವನು ಅದನ್ನು ನೋಡಿದ. ಕೈ ತೆಗೆಯಲಿಲ್ಲ.

ಆ ದಿನದಿಂದ ಊರಿನವರು ಅವನನ್ನು ಬಿಂಕದವನು ಎಂದರೆ ಅವಳಿಗೆ ನೋವಾಗುತ್ತಿತ್ತು.

ಹಡಗು ಬರುವ ಸುದ್ದಿ ಹಬ್ಬಿತು. ತಾಯಿಯ ಮನೆ ನೋಡಬೇಕಿತ್ತು, ನೋಡಿದ್ದಾಯಿತು, ಇನ್ನು ಹಡಗು ಬಂದಾಗ ಯೋಚನೆ ಮಾಡಬೇಕು ಎಂದು ಮತಾಹಿ ಯಾವಾಗಲೋ ಹೇಳಿದ್ದ. ಆ ಮಾತು ತಿತಾಯ್ನಾಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅವತ್ತು ಇಬ್ಬರೂ ಆಚೆ ದಡದ ತೋಟದಿಂದ ಕೊಬ್ಬರಿ ಮೂಟೆಗಳನ್ನು ದೋಣಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಮೋಟಾರು ಗುಡುಗುಡು ಎನ್ನುತ್ತಿತ್ತು. ಅವನು ಚುಕ್ಕಾಣಿ ಹಿಡಿದಿದ್ದ. ಅವಳು ಅವನ ಬಲಕ್ಕೆ, ಮೂಟೆಗೆ ಒರಗಿ ಕೂತಿದ್ದಳು. ಅವನ ಮುಖ ನೋಡಿ ಹೇಳುವ ಧೈರ್ಯ ಅವಳಿಗಿರಲಿಲ್ಲ. ನೀರನ್ನು ನೋಡುತ್ತ ಹೇಳಿದಳು.

"ಹಡಗು ಬಂದ್ರೆ ಹೋಗ್ಬೇಡ, ಮತಾಹಿ. ಇಲ್ಲೇ ಇರು... ನನ್ನ ಜೊತೆ."

ಉಸಿರು ಬಿಗಿಹಿಡಿದು ಕಾದಳು.

ಅವನು ಮುಂದೆ ನೋಡುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ನಕ್ಕು, ಕೈ ಚಾಚಿ, ದೋಣಿಯ ಪಕ್ಕದಲ್ಲಿ ತೇಲುತ್ತಿದ್ದ ದೊಡ್ಡ ತೊರಕೆ ಮೀನೊಂದನ್ನು ತೋರಿಸಿದ.

ಅಷ್ಟೇ. ಅವಳ ಇಡೀ ಬದುಕಿನ ಮಾತಿಗೆ ಒಂದು ಮೀನು ಉತ್ತರ!

ದಡ ಬಂದಾಗ ಅವಳು ಮೂಟೆ ಇಳಿಸಲೂ ನಿಲ್ಲಲಿಲ್ಲ. ಆಮೇಲೆ ನೀರಿಗೂ ಹೋಗಲಿಲ್ಲ. ಹೊಟ್ಟೆನೋವು ಎಂದು ಅಪ್ಪನಿಗೆ ಹೇಳಿದಳು. ಪುನುವಾ ಮಗಳ ಮುಖ ನೋಡಿ, ಮುದುಕಿಗೂ ಬೇಜಾರಾಗಿದೆಯಂತೆ ಎಂದಷ್ಟೇ ಹೇಳಿ ಬಲೆ ಹೆಣೆಯುತ್ತ ಕೂತ.

ಏನಾಯಿತೆಂದು ತಿಳಿಯದೆ ಮತಾಹಿ ಮನೆಗೆ ಬಂದ. ಅವಳು ಹಿತ್ತಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಅವನ ಹೆಜ್ಜೆ ಕೇಳಿದರೂ ತಿರುಗಲಿಲ್ಲ. ಅಳು ಬಂದ ಮುಖವನ್ನು ಅವನಿಗೆ ತೋರಿಸುವುದುಂಟೆ? ಬೆನ್ನು ಹಾಕಿಕೊಂಡೇ ಕೇಳಿದಳು, "ಇಷ್ಟ ಇಲ್ಲ ಅಂದ್ಮೇಲೆ ಯಾಕೆ ಬರ್ತೀಯ? ಇಷ್ಟ ಇದ್ರೆ ಒಂದು ಮಾತು ಹೇಳು, ಈಗ್ಲೇ ತಿರುಗ್ತೀನಿ."

ಒಂದು ಮಾತೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಹೆಜ್ಜೆಗಳು ದೂರವಾದವು. ಅಂದು ಸಂಜೆಯೇ ಅವನು ಹಡಗಿನಲ್ಲಿ ಹೊರಡುವ ಮಾತು ಊರಿಗೆಲ್ಲ ಗೊತ್ತಾಯಿತು.

ಅಣ್ಣನ ಮಗಳ ಕಣ್ಣೀರು ನೋಡಿ ತಾತಿ ರೋತಿಗೆ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ಈ ಜಗತ್ತಿನಲ್ಲಿ ತಾತಿಗೆ ತಡೆಯಲಾಗುವ ವಿಷಯಗಳೇ ಕಡಿಮೆ. ಮರುದಿನ ಬೆಳಗ್ಗೆ ಸೊಂಟಕ್ಕೆ ಬಟ್ಟೆ ಬಿಗಿದು ನೇರ ಮತಾಹಿಯ ಕೊಬ್ಬರಿ ಚಪ್ಪರಕ್ಕೆ ಹೋದಳು. ಅವನು ಆ ಕಡೆ ಮುಖ ಮಾಡಿ ಕಾಯಿ ಸುಲಿಯುತ್ತಿದ್ದ. ತಾತಿ ಹಿಂದೆ ನಿಂತು ಶುರು ಮಾಡಿದಳು. ಅವನ ಬಿಂಕಕ್ಕೆ ಬೈದಳು, ಉದ್ದ ಕೂದಲಿಗೆ ಬೈದಳು, ಹೆಣ್ಣುಮಗಳ ಮನಸ್ಸು ಅಂದರೆ ಸುಲಿದು ಎಸೆಯುವ ತೆಂಗಿನ ಸಿಪ್ಪೆಯೇನೋ ಎಂದು ಕೇಳಿದಳು. ಬಂಡೆ ಮೇಲೆ ಮಳೆ ಸುರಿದ ಹಾಗಾಯಿತು. ಅವನು ಒಂದೊಂದೇ ಕಾಯಿ ತೆಗೆದುಕೊಂಡು ನೆಮ್ಮದಿಯಾಗಿ ಸುಲಿಯುತ್ತಲೇ ಇದ್ದ.

ತಾತಿಯ ಗಂಟಲು ಒಣಗಿತು. ಅಷ್ಟರಲ್ಲಿ ಅವನು ಇನ್ನೊಂದು ಕಾಯಿಗೆಂದು ತಿರುಗಿದ. ಅವಳನ್ನು ಕಂಡು ಮುಖ ಅರಳಿತು.

"ಓ, ತಾತಿ! ಯಾವಾಗ ಬಂದ್ರಿ?"

ತಾತಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಮನೆಗೆ ಬಂದವಳು ತಿತಾಯ್ನಾಳ ಎದುರು ನೆಲದ ಮೇಲೆ ಕುಕ್ಕರಿಸಿದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ತಿತಾಯ್ನಾ ಕೇಳಿರಲೇ ಇಲ್ಲ.

"ಆ ಹುಡುಗನಿಗೆ ಕಿವಿ ಕೇಳ್ಸಲ್ಲ ಕಣೆ."

ಆಳದಲ್ಲಿ ಮುತ್ತಿನ ಚಿಪ್ಪು ಕಟ್ಟಲು ಮುಳುಗಿ ಮುಳುಗಿ ಬಲಗಿವಿ ಪೂರ್ತಿ ಹೋಗಿತ್ತಂತೆ. ಎಡಗಿವಿಗೆ ಹತ್ತಿರದ ಮಾತು ಅಲ್ಪಸ್ವಲ್ಪ ಬೀಳುತ್ತದೆ. ಮೋಟಾರಿನ ಬಳಿ, ಅಲೆಯ ಬಳಿ ಅದೂ ಇಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾನೆ. ಆ ಮುತ್ತಿನ ದ್ವೀಪದಲ್ಲಿ ಎಲ್ಲರೂ ಅವನ ಮುಖಕ್ಕೆ ಮುಖ ತಂದು ಮಗುವಿಗೆ ಹೇಳಿದ ಹಾಗೆ ಕೂಗುತ್ತಿದ್ದರಂತೆ. ಮೊದಲು ಅಯ್ಯೋ ಪಾಪ ಅಂದರು, ಆಮೇಲೆ ನಕ್ಕರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಬಿಂಕದವನು ಅನ್ನಿಸಿಕೊಳ್ಳುವುದೇ ಮೇಲು ಅಂತ ಸುಮ್ಮನಿದ್ದೆ ತಾತಿ ಎಂದನಂತೆ.

ತಿತಾಯ್ನಾಳಿಗೆ ಒಂದೊಂದೇ ನೆನಪಾಯಿತು.

ತುಟಿಗಳ ಮೇಲೆ ನಿಂತ ಆ ಕಣ್ಣುಗಳು... ಅಂದು ಬೈಗುಳಕ್ಕೆ ಬಂದ ನಗು... ದೋಣಿಯಲ್ಲಿ, ಬಲಗಡೆ, ನೀರನ್ನು ನೋಡುತ್ತ ತಾನು ಹೇಳಿದ್ದು. ಹಿತ್ತಿಲಲ್ಲಿ ಬೆನ್ನು ಹಾಕಿ ಹೇಳಿದ್ದು. ಅವನು ಬೇಡ ಎಂದಿರಲಿಲ್ಲ. ಅವನನ್ನು ಯಾರೂ ಕೇಳಿಯೇ ಇರಲಿಲ್ಲ! ಕಾರಣ ತಿಳಿಯದೆ ಅವಳ ಬೆನ್ನನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದನೋ.

ಆಗಲೇ ಕಪಾಟಿನ ಮೇಲಿನ ಬಟ್ಟಲುಗಳು ಸದ್ದು ಮಾಡತೊಡಗಿದವು.

ಗಾಳಿ ಇರಲಿಲ್ಲ. ತೆಂಗಿನ ಗರಿ ಅಲುಗುತ್ತಿರಲಿಲ್ಲ. ಆದರೂ ಬಟ್ಟಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಕಾಲಡಿಯ ನೆಲ ನಡುಗಿತು. ಪುನುವಾ ಬಲೆ ಬಿಟ್ಟು ಎದ್ದು ನಿಂತ.

"ಮುದುಕಿ ಎದ್ಲು," ಎಂದ. ಅವನ ಮುಖ ಬಿಳುಪೇರಿತ್ತು. "ನನ್ನಪ್ಪನ ಕಾಲದಲ್ಲಿ ಒಂದ್ಸಲ ಹಿಂಗೆ ಎದ್ದಿದ್ಲಂತೆ."

ಊರಿಗೆ ಊರೇ ಕಂಡಿಯ ದಡದಲ್ಲಿ ಸೇರಿತ್ತು. ಮುದುಕರು ಟೋಪಿ ಕೈಯಲ್ಲಿ ಹಿಡಿದಿದ್ದರು. ಹೆಂಗಸೊಬ್ಬಳು ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದಳು. ಹೊರಗೆ, ದ್ವೀಪದ ಮರೆಯಲ್ಲಿ, ಬೆಳಗ್ಗೆಯೇ ಬಂದ ಹಡಗು ದಡ ಸೇರಲಾಗದೆ ನಿಂತಿತ್ತು. ಹೋಗುವವರು ದೋಣಿಯಲ್ಲೇ ಬರಬೇಕೆಂದು ಹೇಳಿ ಕಳಿಸಿತ್ತು. ಕಟ್ಟೆಯ ಮೇಲೆ ಮತಾಹಿಯ ಚೀಲ ಕಾಣಿಸಿತು, ಮತಾಹಿ ಕಾಣಿಸಲಿಲ್ಲ.

ಅವನು ಎಲ್ಲಿದ್ದಾನೆಂದು ತಿತಾಯ್ನಾಳಿಗೆ ಗೊತ್ತಿತ್ತು. ಅಪ್ಪನನ್ನು ನೋಡಿದಳು. ಪುನುವಾ ಹೋಗಿ ದೋಣಿಯ ಮೋಟಾರು ಎಳೆದ.

ಕಂಡಿಯ ಅಂಚಿನ ಆಳ ನೀರಿನಲ್ಲಿ ದೋಣಿ ನಿಂತಾಗ ತಿತಾಯ್ನಾ ಮೊದಲ ಬಾರಿಗೆ ಮುದುಕಿಯನ್ನು ಪೂರ್ತಿಯಾಗಿ ಕಂಡಳು.

ಅದು ಅಲೆಯಾಗಿರಲಿಲ್ಲ. ಕಡಲೇ ಎದ್ದು ನಿಂತಿತ್ತು. ನೀಲಿಯ ಒಂದು ಗೋಡೆ ಸದ್ದಿಲ್ಲದೆ ಬಂದು, ಹವಳಕ್ಕೆ ಕಾಲು ತಾಗಿದ ಕೂಡಲೇ ಆಕಾಶದ ಕಡೆಗೆ ಬೆಳೆದು, ಬಿಸಿಲು ಅದರ ಮೈಯೊಳಗಿನಿಂದ ಹಸಿರಾಗಿ ತೂರಿ ಬಂದು, ತುದಿಯಲ್ಲಿ ಬೆಳ್ಳಿಯ ಕೂದಲು ಹಾರಿತು. ಒಂದು ಕ್ಷಣ ಜಗತ್ತೇ ನಿಂತಂತಾಯಿತು. ಆಮೇಲೆ ಬಿತ್ತು. ಆ ಮೊಳಗು ಎದೆಗೂಡಿನೊಳಗೆ ಬಡಿಯಿತು.

ಅದರ ಆಚೆ, ಚುಕ್ಕೆಯಷ್ಟು ಸಣ್ಣವನಾಗಿ, ಅಂಗೈಯನ್ನು ಹಲಗೆಗೊತ್ತಿ ಅವನು ಕೂತಿದ್ದ.

ಅವಳು ತನ್ನ ಹಲಗೆಯೊಂದಿಗೆ ನೀರಿಗಿಳಿದು ಈಜಿದಳು. ಹತ್ತಿರ ಬಂದಾಗ ಅವನು ಕಣ್ಣು ತೆರೆದ. ಅವಳನ್ನು ಕಂಡು ನಂಬದವನಂತೆ ನೋಡಿದ. ಅವಳು ಏನೂ ಹೇಳಲಿಲ್ಲ. ಹೇಳಿದರೂ ಯಾರಿಗೆ ಕೇಳಬೇಕು? ಮುದುಕಿಯ ಎದುರು ಎಲ್ಲರೂ ಕಿವುಡರೇ. ತನ್ನ ಕೈಯನ್ನು ಅವನ ಹಲಗೆಯ ಮೇಲೆ, ಅವನ ಕೈಯ ಪಕ್ಕ ಒತ್ತಿದಳು.

ತಳದಿಂದ ನಡುಕ ಬಂತು. ಎಂದೂ ಬಾರದಷ್ಟು ಆಳದ ನಡುಕ. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವನು ಅವಳ ಕಡೆ ನೋಡಿ ಗಲ್ಲ ಎತ್ತಿದ. ಇದು ನಿಂದು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ತಿರುಗಿ, ಬಲವೆಲ್ಲ ಹಾಕಿ ನೀರೆಳೆದಳು. ಕಡಲು ಅವಳನ್ನು ಎತ್ತಿತು, ಇನ್ನೂ ಎತ್ತಿತು. ಕೆಳಗೆ ದೋಣಿ, ತೆಂಗಿನ ತಲೆಗಳು, ಒಳಗಡಲು, ಇಡೀ ಊರು ಅಂಗೈಯಷ್ಟಾಗಿ ಕಂಡಿತು. ಎದ್ದು ನಿಂತಳು. ಬಿದ್ದಂತೆಯೇ ಇಳಿದಳು. ಹಲಗೆ ಹಿಡಿತ ಕಂಡುಕೊಂಡಿತು, ಅವಳ ತಲೆಯ ಮೇಲಿಂದ ಮುದುಕಿ ತನ್ನ ಸೆರಗು ಹೊದಿಸಿದಳು.

ಒಳಗೆ ಮೌನ.

ಅಷ್ಟು ದೊಡ್ಡ ಮೊಳಗಿನ ಹೊಟ್ಟೆಯಲ್ಲಿ ಅಂಥ ಮೌನವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಸುತ್ತಲೂ ಹಸಿರು ಗಾಜು ತಿರುಗುತ್ತಿತ್ತು. ಕಾಲ ಕೆಳಗೆ ಹವಳದ ಕಾಡು ಓಡುತ್ತಿತ್ತು. ಮುಂದೆ, ಕಣ್ಣಿನಾಕಾರದ ಬೆಳಕಿನ ಬಾಗಿಲು. ನಾನೆಷ್ಟು ಸಣ್ಣವಳು ಎಂದು ಅನಿಸಿತು. ಹಾಗೆ ಅನಿಸಿದ್ದರಲ್ಲಿ ಅವಮಾನವಿರಲಿಲ್ಲ, ತಾಯಿಯ ಮಡಿಲಿನಲ್ಲಿ ಇದ್ದಷ್ಟು ನೆಮ್ಮದಿಯಿತ್ತು. ಮುದುಕಿ ತನ್ನವಳಲ್ಲ, ಎಂದೂ ಆಗಿರಲಿಲ್ಲ. ತಾನೇ ಅವಳ ಕೂಸು.

ಬಾಗಿಲು ಅವಳನ್ನು ಹೊರಗೆ ಬಿಟ್ಟಿತು. ದಡದಲ್ಲಿ ಊರೆಲ್ಲ ಕುಣಿಯುತ್ತಿತ್ತು. ತಾತಿ ರೋತಿ ಯಾರದೋ ಟೋಪಿ ಕಿತ್ತು ಗಾಳಿಗೆ ಎಸೆಯುತ್ತಿದ್ದಳು. ತಿತಾಯ್ನಾ ಅದೇನನ್ನೂ ನೋಡದೆ ಹಿಂದಕ್ಕೆ ತಿರುಗಿದಳು. ಮುಂದಿನ ಅಲೆಯ ಮೈಮೇಲೆ ಅವನು ಇಳಿಯುತ್ತಿದ್ದ. ಬೆಳ್ಳಿ ಸೆರಗು ಅವನನ್ನು ನುಂಗಿತು. ಅವಳ ಉಸಿರು ನಿಂತಿತು. ಕಾದಳು, ಕಾದಳು... ನೊರೆಯ ಮೋಡದೊಳಗಿಂದ ಅವನು ಎರಡೂ ಕೈ ಚಾಚಿಕೊಂಡು ಹೊರಬಂದ.

ಕಂಡಿಯ ಆಳ ನೀರಿನಲ್ಲಿ ಇಬ್ಬರ ಹಲಗೆಗಳೂ ತಾಗಿ ನಿಂತವು. ಅವಳು ಎದುರು ಬಂದು, ಮುಖದ ಮೇಲಿನ ಒದ್ದೆ ಕೂದಲು ಸರಿಸಿಕೊಂಡಳು.

"ತಾತಿ ಹೇಳಿದ್ರಾ?" ಎಂದು ಅವನು ಕೇಳಿದ. ಅವಳು ತಲೆಯಾಡಿಸಿದಳು. ಅವನು ಕಣ್ಣು ತಗ್ಗಿಸಹೋದ. ಅವಳು ಅವನ ಗಲ್ಲ ಹಿಡಿದು ಮೇಲೆತ್ತಿದಳು. ನೋಡದಿದ್ದರೆ ಅವನಿಗೆ ಕೇಳಿಸುವುದು ಹೇಗೆ?

"ದೋಣೀಲಿ ನಿನಗೆ ಒಂದು ಮಾತು ಹೇಳಿದ್ದೆ. ಬಲಗಡೆ ಕೂತು ಹೇಳ್ಬಿಟ್ಟೆ."

"ಏನಂತ?"

ಅವಳು ಹೇಳಿದಳು. ಅವಸರವಿಲ್ಲದೆ, ಕಣ್ಣು ಕದಲಿಸದೆ. ಹೋಗಬೇಡ. ಇಲ್ಲೇ ಇರು. ನನ್ನ ಜೊತೆ.

ಅವನ ಮುಖದಲ್ಲಿ ಏನೇನೋ ಬಂದು ಹೋಯಿತು. "ಎಡಗಿವಿನೂ ಉಳಿಯಲ್ಲ ಅಂತಾರೆ, ತಿತಾಯ್ನಾ. ಒಂದು ದಿನ ನಿನ್ನ ದನಿ ಕೂಡ ನನಗೆ..."

"ನನ್ನ ದನಿ ಅಂಥಾ ಚೆನ್ನಾಗೇನಿಲ್ಲ. ಬೇಕಾದ್ರೆ ತಾತೀನ ಕೇಳು."

ಅವನು ನಕ್ಕ. ನಗುವಾಗಲೇ ಕಣ್ಣು ಒದ್ದೆಯಾಯಿತು. "ನಿನ್ನ ತುಟಿ ನೋಡೋಕೆ ಶುರು ಮಾಡಿದ್ದು ಮಾತು ತಿಳ್ಕೊಳ್ಳೋಕೆ," ಎಂದ. "ಆಮೇಲೆ ಮಾತು ಮುಗಿದ್ರೂ ನೋಡ್ತಿದ್ದೆ. ಅದು ನಿನಗೆ ಗೊತ್ತಾಗುತ್ತೇನೋ ಅಂತ ಹೆದರಿಕೆ ಆಗ್ತಿತ್ತು."

ಅವಳ ಕಿವಿಯ ತುದಿ ಮತ್ತೆ ಬಿಸಿಯಾಯಿತು.

ಆಗ ಹೊರಗಡಲಿನಿಂದ ಹಡಗು ಕೂಗಿತು. ಉದ್ದನೆಯ, ದಪ್ಪನೆಯ ಕೂಗು. ದಡದವರೆಲ್ಲ ಆ ಕಡೆ ತಿರುಗಿದರು. ದೋಣಿಯಲ್ಲಿ ಪುನುವಾ ಎದ್ದು ನಿಂತು, ಕರೆದೊಯ್ಯಲೋ ಬೇಡವೋ ಎಂಬಂತೆ ಮಗಳ ಕಡೆ ನೋಡಿದ.

ಮತಾಹಿ ಮಾತ್ರ ಅವಳನ್ನೇ ನೋಡುತ್ತಿದ್ದ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವನಿಗೆ ಕೇಳದ್ದನ್ನು ಅವನಿಂದ ಮುಚ್ಚಿಡುವುದು ಅವಳಿಗೆ ಬೇಕಿರಲಿಲ್ಲ.

"ಹಡಗು ಕರೀತಾ ಇದೆ, ಮತಾಹಿ," ಎಂದಳು.

ಅವನು ಕೈ ಚಾಚಿ ಅವಳ ಕೈಯನ್ನು ತನ್ನ ಹಲಗೆಯ ಮೇಲೆ ಎಳೆದುಕೊಂಡ.

"ಕರೀಲಿ ಬಿಡು," ಎಂದ. "ನನಗೆಲ್ಲಿ ಕೇಳ್ಸುತ್ತೆ?"